ದುಡಿಯುವ ಕೈ ನಿಂತರೂ ಒಲೆ ಆರದಿರಲಿ



ನವೆಂಬರ್ ನಮ್ಮನ್ನು ಅಗಲಿದವರನ್ನು ನೆನೆಯುವ ತಿಂಗಳು. 2ನೇ ತಾರೀಕಿಗೆ ಮೊದಲೇ ಸಮಾಧಿಗಳ ಸುತ್ತ ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ನಾವೇ ಆ ಸಾಲಿಗೆ ಸೇರುವ ದಿನ ಬಂದರೆ ಮನೆಯಲ್ಲಿ ಉಳಿಯುವವರ ಗತಿ ಏನು? ಈ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತೇವೆ. ಸಾವಿನ ಮಾತಾಡಿದರೆ ಸಾವು ಹತ್ತಿರ ಬರುವುದಿಲ್ಲ, ಆಡದಿದ್ದರೆ ದೂರ ಹೋಗುವುದೂ ಇಲ್ಲ. ಆದ್ದರಿಂದ ಈ ತಿಂಗಳು ಜೀವವಿಮೆಯ ಬಗ್ಗೆ ಸ್ವಲ್ಪ ಬಿಚ್ಚುಮನಸ್ಸಿನಿಂದ ಮಾತಾಡೋಣ.

ದುಡಿಯುವ ಯಜಮಾನ ತೀರಿಕೊಂಡ ಮನೆಯನ್ನು ನಾವೆಲ್ಲರೂ ನೋಡಿದ್ದೇವೆ. ಮೊದಲ ವಾರ ನೆರೆಹೊರೆಯವರು ಗಂಜಿ, ಅನ್ನ ತಂದುಕೊಡುತ್ತಾರೆ. ವಾರ್ಡಿನವರು ಸೇರಿ ಜಪಸರ ಹೇಳುತ್ತಾರೆ. ತಿಂಗಳ ಪೂಜೆಯವರೆಗೆ ಬಂಧುಗಳು ಬಂದು ಹೋಗುತ್ತಾರೆ. ಗುರ್ಕಾರರು ವಂತಿಗೆ ಎತ್ತಿ ಕೊಡುತ್ತಾರೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಅಕ್ಕಿ ತಲುಪಿಸುತ್ತಾರೆ. ಎರಡನೆಯ ತಿಂಗಳು ಸಹಕಾರಿ ಸಂಘದ ಸಾಲದ ಕಂತು ಬರುತ್ತದೆ. ಮೂರನೆಯ ತಿಂಗಳು ಶಾಲೆಯ ಫೀಸು. ಆಮೇಲೆ ಕರಿಮಣಿಯನ್ನೂ ಬಿಡದೆ ಚಿನ್ನ ಅಡವಿಗೆ ಹೋಗುತ್ತದೆ. ಹಿರಿಯ ಮಗ ಪ್ಲಸ್ ಟೂ ಬಿಟ್ಟು ಕೆಲಸಕ್ಕೆ ಹೊರಡುತ್ತಾನೆ, ಮಗಳ ನರ್ಸಿಂಗ್ ಕನಸು ಅಲ್ಲಿಗೇ ನಿಲ್ಲುತ್ತದೆ. ಕೊನೆಗೆ ಮನೆ ಹಿತ್ತಿಲಿನ ಹತ್ತು ಸೆಂಟ್ಸ್ ಜಾಗವೂ ಮಾರಾಟಕ್ಕೆ ಬರುತ್ತದೆ. ನೆರೆಹೊರೆಯವರ ಪ್ರೀತಿ ಕಡಿಮೆಯಾದುದರಿಂದ ಹೀಗಾಗುವುದಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕಷ್ಟೆ.

ವಿಮೆ ಎಂದರೆ ಏನು?

ಜೀವವಿಮೆ ಜೀವ ಉಳಿಸುವುದಿಲ್ಲ. ಜೀವ ಹೋದ ಮೇಲೆ ಆ ಜೀವ ತರುತ್ತಿದ್ದ ಸಂಬಳದ ಜಾಗದಲ್ಲಿ ಒಂದಿಷ್ಟು ಹಣ ತಂದಿಡುತ್ತದೆ. ಅದರ ತತ್ವ ನಮ್ಮ ಊರಿನ ವಂತಿಗೆಯದ್ದೇ. ಸಾವಿರ ಜನ ವರ್ಷಕ್ಕೆ ತಲಾ 500 ರೂಪಾಯಿ ಒಟ್ಟು ಮಾಡಿದರೆಂದು ಇಟ್ಟುಕೊಳ್ಳಿ, 5 ಲಕ್ಷ ಆಯಿತು. ಆ ವರ್ಷ ಅವರಲ್ಲಿ ಇಬ್ಬರು ತೀರಿಕೊಂಡರೆ ಒಂದೊಂದು ಮನೆಗೆ ಎರಡೂವರೆ ಲಕ್ಷ. ಉಳಿದ 998 ಮಂದಿಯ 500 ರೂಪಾಯಿ "ಹೋಯಿತು" ಎಂದು ಹೇಳಬಹುದೇ? ಎರಡು ಮನೆಗಳ ಒಲೆ ಆರದಂತೆ ನೋಡಿಕೊಂಡ ಹಣ ಅದು. ಮುಂದಿನ ವರ್ಷ ನಮ್ಮ ಮನೆಗೇ ಅದರ ಅಗತ್ಯ ಬೀಳಬಹುದು. ಊರಿನ ವಂತಿಗೆ ಸಾವಿನ ನಂತರ ಎತ್ತುವಂಥದ್ದು, ಕೊಡುವವರ ಮನಸ್ಸನ್ನು ಅವಲಂಬಿಸಿದ್ದು. ವಿಮೆ ಸಾವಿಗೆ ಮೊದಲೇ ಎತ್ತಿಟ್ಟ ವಂತಿಗೆ, ಕೇಳಿ ಪಡೆಯುವ ಹಕ್ಕು.

ಈ ಲೆಕ್ಕವನ್ನು ಶಾಸ್ತ್ರೀಯವಾಗಿ ಮಾಡಿ ತೋರಿಸಿದವರಲ್ಲಿ ಇಬ್ಬರು ಪಾದ್ರಿಗಳಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಸ್ಕಾಟ್ಲೆಂಡಿನ ಪ್ರೊಟೆಸ್ಟಂಟ್ ಸಭೆಯ ಪಾದ್ರಿಗಳು ಸಂಸಾರಿಗಳು. ಅವರು ತೀರಿಕೊಂಡರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಿದ್ದರು. ಅಲೆಕ್ಸಾಂಡರ್ ವೆಬ್‌ಸ್ಟರ್ ಮತ್ತು ರಾಬರ್ಟ್ ವ್ಯಾಲೇಸ್ ಎಂಬ ಇಬ್ಬರು ಪಾದ್ರಿಗಳು ವರ್ಷಕ್ಕೆ ಎಷ್ಟು ಮಂದಿ ಪಾದ್ರಿಗಳು ಸಾಯುತ್ತಾರೆ, ಎಷ್ಟು ಮಂದಿ ವಿಧವೆಯರು ಉಳಿಯುತ್ತಾರೆ ಎಂದು ಲೆಕ್ಕ ತೆಗೆದರು. ಆ ಲೆಕ್ಕದ ಮೇಲೆ 1744ರಲ್ಲಿ ವಿಧವೆಯರ ನಿಧಿಯೊಂದು ಆರಂಭವಾಯಿತು. ನಮ್ಮ ದೇಶದಲ್ಲಿ 1818ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಜೀವವಿಮಾ ಕಂಪನಿ ಬಂತು. 1884ರಲ್ಲಿ ಅಂಚೆ ಇಲಾಖೆಯ ಜೀವವಿಮೆ ಶುರುವಾಯಿತು. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಟ್ಟುಗೂಡಿಸಿ ಎಲ್‌ಐಸಿ ಹುಟ್ಟಿತು. 2000ದಿಂದ ಖಾಸಗಿ ಕಂಪನಿಗಳೂ ಇವೆ.

ದೇವರ ಮೇಲೆ ಭರವಸೆ ಸಾಲದೇ?

ಕೆಲವು ಹಿರಿಯರು ಕೇಳುತ್ತಾರೆ: "ಎಲ್ಲ ದೇವರ ಚಿತ್ತ. ವಿಮೆ ಮಾಡಿಸುವುದೆಂದರೆ ದೇವರ ಮೇಲೆ ನಂಬಿಕೆ ಇಲ್ಲವೆಂದಲ್ಲವೇ?" ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಸರಿಪಡಿಸುವವರು, ಕಟ್ಟಿಗೆ ಕೂಡಿಡುವವರು, ಬೀಜದ ಭತ್ತ ತೆಗೆದಿಡುವವರು ದೇವರನ್ನು ನಂಬದವರೇ? ಬೈಬಲಿನಲ್ಲಿ ಜೋಸೆಫ್ ಏಳು ವರ್ಷಗಳ ಸುಗ್ಗಿಯಲ್ಲಿ ಧಾನ್ಯ ಕೂಡಿಟ್ಟುದರಿಂದಲೇ ಬರಗಾಲದಲ್ಲಿ ಈಜಿಪ್ಟಿನ ಜನರೂ ಅವನ ಸ್ವಂತ ಅಣ್ಣಂದಿರೂ ಬದುಕಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ನಮ್ಮ ಗಾದೆಯ ಅರ್ಥವೂ ಅದೇ.

ಯಾರ ಜೀವಕ್ಕೆ ವಿಮೆ?

ನಮ್ಮಲ್ಲಿ ಮಗುವಿನ ದೀಕ್ಷಾಸ್ನಾನವಾದ ಕೂಡಲೇ ಮಗುವಿನ ಹೆಸರಿನಲ್ಲಿ ಪಾಲಿಸಿ ಮಾಡಿಸುವವರಿದ್ದಾರೆ. ಪ್ರೀತಿ ಮೆಚ್ಚತಕ್ಕದ್ದು, ಲೆಕ್ಕ ಮಾತ್ರ ತಿರುಗುಮುರುಗು. ಮಗುವಿನ ದುಡಿಮೆಯಿಂದ ಮನೆ ನಡೆಯುವುದಿಲ್ಲ. ಯಾರ ಸಂಬಳ ನಿಂತರೆ ಮನೆಯ ಒಲೆ ಆರುತ್ತದೋ ಅವರ ಜೀವಕ್ಕೆ ಮೊದಲು ವಿಮೆ ಬೇಕು. ಅಡಿಕೆ ಮರ ಹತ್ತುವವರು, ಚಹಾ ತೋಟದ ಕೆಲಸಗಾರರು, ಲಾರಿ ಮತ್ತು ರಿಕ್ಷಾ ಚಾಲಕರು, ಕಟ್ಟಡ ಕೆಲಸದವರು, ಗಲ್ಫಿನಲ್ಲಿ ದುಡಿಯುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಮನೆಯಲ್ಲೇ ಇರುವ ತಾಯಂದಿರನ್ನು ಮರೆಯಬೇಡಿ. ಅವರಿಗೆ ಸಂಬಳವಿಲ್ಲ ನಿಜ. ಆದರೆ ಅಡುಗೆ, ಮಕ್ಕಳು, ವಯಸ್ಸಾದ ಅತ್ತೆ ಮಾವ, ಹಟ್ಟಿಯ ದನ, ಬೀಡಿ ಕಟ್ಟುವ ಸೂಪು ಎಲ್ಲವನ್ನೂ ನೋಡಿಕೊಳ್ಳುವವರು ಅವರೇ. ಅವರು ಇಲ್ಲವಾದರೆ ಆ ಕೆಲಸಗಳಿಗೆ ಜನ ಇಡಲು ಎಷ್ಟು ಖರ್ಚಾದೀತು ಎಂದು ಗಂಡಸರು ಒಮ್ಮೆ ಲೆಕ್ಕ ಹಾಕಿ ನೋಡಲಿ.

ಎಷ್ಟು ಮೊತ್ತ ಬೇಕು?

"ನನಗೆ ಪಾಲಿಸಿ ಇದೆ" ಎಂದು ಹೇಳುವವರನ್ನು "ಎಷ್ಟರದ್ದು?" ಎಂದು ಕೇಳಿದರೆ ಎಷ್ಟೋ ಸಲ ಉತ್ತರ ಬರುವುದು ಒಂದು ಲಕ್ಷ, ಎರಡು ಲಕ್ಷ. ಅದು ಸಾಕೇ? ಒಂದು ಸಂಸಾರದ ಉದಾಹರಣೆ ನೋಡೋಣ. ರಿಕ್ಷಾ ಓಡಿಸುವ ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಗಂಡನ ವಯಸ್ಸು 35, ಕಿರಿಯ ಮಗುವಿಗೆ 5. ಮನೆಯ ಖರ್ಚು ತಿಂಗಳಿಗೆ 18,000. ಅದರಲ್ಲಿ ಗಂಡನ ಸ್ವಂತ ಖರ್ಚು 4,000 ಕಳೆದರೆ 14,000, ಅಂದರೆ ವರ್ಷಕ್ಕೆ 1,68,000. ಕಿರಿಯ ಮಗು ತನ್ನ ಕಾಲ ಮೇಲೆ ನಿಲ್ಲಲು ಇನ್ನೂ 15 ವರ್ಷ ಬೇಕು. ಅಲ್ಲಿಗೆ 25,20,000. ರಿಕ್ಷಾ ಮತ್ತು ಮನೆ ರಿಪೇರಿಯ ಸಾಲ 4 ಲಕ್ಷ, ಮಕ್ಕಳ ಮುಂದಿನ ಓದಿಗೆ 5 ಲಕ್ಷ ಸೇರಿಸಿದರೆ 34,20,000. ಕೈಯಲ್ಲಿರುವ ಉಳಿತಾಯ ಮತ್ತು ಹಳೆಯ ಪಾಲಿಸಿ ಒಟ್ಟು 5 ಲಕ್ಷ ಎಂದು ಕಳೆದರೂ 29,20,000 ಉಳಿಯಿತು. ಬೆಲೆ ಏರಿಕೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಸರಿಸಮ ಎಂದು ಹಿಡಿದು ಮಾಡಿದ ಸರಳ ಲೆಕ್ಕ ಇದು. ಅಂದರೆ ಈ ಸಂಸಾರಕ್ಕೆ ಸುಮಾರು 30 ಲಕ್ಷದ ಆಸರೆ ಬೇಕು. ಎರಡು ಲಕ್ಷದ ಪಾಲಿಸಿ ಹದಿನಾಲ್ಕು ತಿಂಗಳಲ್ಲಿ ಮುಗಿಯುತ್ತದೆ.

ಪೆನ್ಸಿಲು ಕಾಗದ ಹಿಡಿದು ಗಂಡ ಹೆಂಡತಿ ಒಟ್ಟಿಗೆ ಕುಳಿತು ನಿಮ್ಮ ಮನೆಯ ಲೆಕ್ಕವನ್ನೂ ಹೀಗೆಯೇ ಮಾಡಿ.

ಯಾವ ಬಗೆಯ ಪಾಲಿಸಿ?

ಪಾಲಿಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಟರ್ಮ್ ವಿಮೆ. ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಪೂರ್ತಿ ಮೊತ್ತ ಸಿಗುತ್ತದೆ, ಬದುಕಿದ್ದರೆ ಸಾಮಾನ್ಯವಾಗಿ ಏನೂ ವಾಪಸು ಬರುವುದಿಲ್ಲ. ಎರಡನೆಯದು ಎಂಡೋಮೆಂಟ್, ಮನಿ ಬ್ಯಾಕ್ ಮುಂತಾದವು. ಸತ್ತರೂ ಹಣ, ಬದುಕಿದ್ದರೂ ಅವಧಿಯ ಕೊನೆಗೆ ಹಣ. ಜನರಿಗೆ ಇಷ್ಟವಾಗುವುದು ಎರಡನೆಯದೇ. ಆದರೆ ವಾಪಸು ಕೊಡುವ ಹಣವನ್ನೂ ಕಂಪನಿ ನಮ್ಮ ಕಂತಿನಿಂದಲೇ ಕೂಡಿಸಬೇಕಲ್ಲ? ಆದ್ದರಿಂದ ಅದರ ಕಂತು ದೊಡ್ಡದು, ಆಸರೆ ಸಣ್ಣದು. ಅಷ್ಟೇ ಕಂತಿಗೆ, ಆರೋಗ್ಯವಂತನಾದ, ತಂಬಾಕು ಬಳಸದ ಯುವಕನಿಗೆ ಟರ್ಮ್ ವಿಮೆಯಲ್ಲಿ ಹಲವು ಪಟ್ಟು ಹೆಚ್ಚು ಮೊತ್ತ ಸಿಗುತ್ತದೆ.

"ಬದುಕಿದ್ದರೆ ಕಟ್ಟಿದ್ದು ದಂಡವಲ್ಲವೇ?" ಎನ್ನುತ್ತೀರಿ. ವರ್ಷವಿಡೀ ಮನೆಗೆ ಕಳ್ಳ ಬರಲಿಲ್ಲವೆಂದು ಬೀಗಕ್ಕೆ ಕೊಟ್ಟ ಹಣ ದಂಡ ಎನ್ನುತ್ತೇವೆಯೇ? ಉಳಿತಾಯ ಬೇಕು, ಅದನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಬೇರೆಯಾಗಿ ಮಾಡಿ. ಈಗಾಗಲೇ ಎಂಡೋಮೆಂಟ್ ಪಾಲಿಸಿ ಇರುವವರು ಅವಸರಪಟ್ಟು ಅದನ್ನು ಮುರಿಯಬೇಡಿ, ಮಧ್ಯದಲ್ಲಿ ನಿಲ್ಲಿಸಿದರೆ ನಷ್ಟ ಹೆಚ್ಚು. ಅದರ ಜೊತೆಗೆ ಒಂದು ಟರ್ಮ್ ಪಾಲಿಸಿ ಸೇರಿಸುವುದು ಒಳ್ಳೆಯದು.

ಇನ್ನೊಂದು ಸಮಾಧಾನದ ಸಂಗತಿ. ವೈಯಕ್ತಿಕ ಜೀವವಿಮೆಯ ಕಂತಿನ ಮೇಲಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಪಾಲಿಸಿ ಕೈಗೆ ಬಂದ ಮೇಲೆ ಮನಸ್ಸಿಗೆ ಒಪ್ಪದಿದ್ದರೆ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕೂ ನಿಮಗಿದೆ. ಏಜೆಂಟರು ನೆಂಟರೇ ಆಗಿರಲಿ, ದಾಕ್ಷಿಣ್ಯಕ್ಕೆ ಬಸಿರಾಗಬೇಡಿ. ಓದಿ, ಕೇಳಿ, ಆಮೇಲೆ ಒಪ್ಪಿ.

ಕೈಗೆಟಕುವ ಯೋಜನೆಗಳು

ದೊಡ್ಡ ಕಂತು ಕಟ್ಟಲು ಆಗದವರು ಕೈಚೆಲ್ಲಬೇಕಾಗಿಲ್ಲ. 2015ರಲ್ಲಿ ಬಂದ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ 18ರಿಂದ 50 ವರ್ಷದೊಳಗಿನ ಯಾರೂ ಸೇರಬಹುದು. ವರ್ಷಕ್ಕೆ 436 ರೂಪಾಯಿ. ಯಾವುದೇ ಕಾರಣದಿಂದ ಸತ್ತರೂ ಮನೆಯವರಿಗೆ 2 ಲಕ್ಷ. ಸೇರಿದ ಮೊದಲ 30 ದಿನ ಮಾತ್ರ ಅಪಘಾತದ ಸಾವಿಗಷ್ಟೇ ಹಣ. ಪ್ರತಿ ವರ್ಷ ನವೀಕರಿಸುತ್ತಾ ಬಂದರೆ 55 ವರ್ಷದವರೆಗೆ ಇರುತ್ತದೆ. ಅದರ ಜೊತೆಯ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 70 ವರ್ಷದವರೆಗೆ. ಇದು ಅಪಘಾತಕ್ಕೆ ಮಾತ್ರ. ಹೃದಯಾಘಾತ ಅಪಘಾತವಲ್ಲ ಎಂಬುದು ನೆನಪಿರಲಿ. ಎರಡೂ ಯೋಜನೆಗಳ ವರ್ಷ ಜೂನ್ 1ರಿಂದ ಮೇ 31. ಆದ್ದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಳ್ಳಿ. ಎರಡು ಮೂರು ಖಾತೆಗಳಿಂದ ಕಟ್ಟಿದರೂ ಸಿಗುವುದು ಒಂದೇ ಸಲ.

ಹಳ್ಳಿಯಲ್ಲಿ ವಾಸಿಸುವವರಿಗೆ ಅಂಚೆ ಇಲಾಖೆಯ ಗ್ರಾಮೀಣ ಜೀವವಿಮೆ 1995ರಿಂದ ಇದೆ. ಅದರಲ್ಲಿ 10 ಲಕ್ಷದವರೆಗೆ ವಿಮೆ ಮಾಡಿಸಬಹುದು. ಓದು, ಉದ್ಯೋಗ ಇಂಥದ್ದೇ ಆಗಬೇಕೆಂದಿಲ್ಲದ 'ಸರಳ ಜೀವನ ಬಿಮಾ' ಎಂಬ ಟರ್ಮ್ ಪಾಲಿಸಿ 2021ರಲ್ಲಿ ಬಂದಿದೆ. ಏಜೆಂಟರಲ್ಲಿ ಹೆಸರು ಹೇಳಿ ವಿಚಾರಿಸಿ.

ತೋಟ, ಕಾರ್ಖಾನೆ, ಆಸ್ಪತ್ರೆ, ಬೀಡಿ ಕಂಪನಿಗಳಲ್ಲಿ ಪಿಎಫ್ ಇರುವವರ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಪಿಎಫ್ ಸದಸ್ಯರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಪಿಎಫ್ ಹಣವಲ್ಲದೆ ಇಡಿಎಲ್‌ಐ ಎಂಬ ವಿಮೆಯಿಂದ ಗರಿಷ್ಠ 7 ಲಕ್ಷದವರೆಗೆ ಸಿಗುತ್ತದೆ. ಇದಕ್ಕೆ ಕಾರ್ಮಿಕರು ಒಂದು ಪೈಸೆಯನ್ನೂ ಕಟ್ಟುವುದಿಲ್ಲ, ಮಾಲಿಕರು ಕಟ್ಟುತ್ತಾರೆ. ಕೇಳದಿದ್ದರೆ ಬರುವುದಿಲ್ಲ, ಅಷ್ಟೆ. ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆದು ಗಲ್ಫಿಗೆ ಹೋಗುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ. ಅಪಘಾತದಲ್ಲಿ ಸತ್ತರೆ 10 ಲಕ್ಷ. ಅದರ ಕಾಗದದ ಒಂದು ಪ್ರತಿ ಊರಿನ ಮನೆಯಲ್ಲಿರಲಿ.

ಗಡಿನಾಡಿನವರ ಕಾಗದಪತ್ರದ ಪಾಡು

ಗಡಿಭಾಗದ ನಮಗೆ ಒಂದು ತೊಡಕು ಇತರರಿಗಿಂತ ಹೆಚ್ಚು. ಒಬ್ಬನೇ ಮನುಷ್ಯನಿಗೆ ಚರ್ಚಿನ ರಿಜಿಸ್ಟರಿನಲ್ಲಿ ಒಂದು ಹೆಸರು, ಕನ್ನಡ ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬರೆದ ರೇಷನ್ ಕಾರ್ಡಿನಲ್ಲಿ ಮತ್ತೊಂದು. ಲಾರೆನ್ಸ್, ಲೋರೆನ್ಸ್, ಲಾರನ್ಸ್ ಮೂವರೂ ಒಬ್ಬರೇ ಎಂದು ನಮಗೆ ಗೊತ್ತು. ವಿಮಾ ಕಚೇರಿಗೆ ಗೊತ್ತಿಲ್ಲ. ಒಂದು ಕಡೆ ಮನೆತನದ ಹೆಸರು, ಇನ್ನೊಂದು ಕಡೆ ಬರೀ ಇನಿಶಿಯಲ್. ಈ ವ್ಯತ್ಯಾಸ ಬೆಳಕಿಗೆ ಬರುವುದು ಹೆಚ್ಚಾಗಿ ಸಾವಿನ ನಂತರ. ಆಗ ಆ ಹೆಂಗಸು ಪಂಚಾಯತು, ತಾಲೂಕು ಕಚೇರಿ, ನೋಟರಿ ಎಂದು ಅಲೆಯಬೇಕು. ಅದರ ಬದಲು ಬದುಕಿರುವಾಗಲೇ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಪಾಲಿಸಿಯ ಹೆಸರು, ಜನ್ಮ ದಿನಾಂಕಗಳನ್ನು ಹೋಲಿಸಿ ನೋಡಿ ಸರಿಪಡಿಸಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಅಲ್ಲಿಯೂ ಆಧಾರಿನಲ್ಲಿರುವ ಹೆಸರನ್ನೇ ಬರೆಸಿ.

ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ತಾಯಿ ನಾಮಿನಿ. ಮದುವೆಯಾಗಿ ಹತ್ತು ವರ್ಷವಾದರೂ, ತಾಯಿ ತೀರಿಕೊಂಡರೂ ಹೆಸರು ಬದಲಾಗಿರುವುದಿಲ್ಲ. ಇಂದೇ ನೋಡಿ. 2015ರ ಕಾನೂನು ತಿದ್ದುಪಡಿಯ ಪ್ರಕಾರ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣ ಅವರಿಗೇ ಸೇರುತ್ತದೆ. ಹಾಗಾಗಿ ಯಾರ ಹೆಸರು ಬರೆಸುತ್ತೀರಿ ಎಂಬುದು ಸಣ್ಣ ವಿಷಯವಲ್ಲ. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪರವಾಗಿ ಹಣ ಪಡೆಯುವ ಹಿರಿಯರೊಬ್ಬರ ಹೆಸರನ್ನೂ ಕೊಡಿ. ಸಾಲ ಮಾಡಿ ವ್ಯಾಪಾರ ನಡೆಸುವವರು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯಡಿ ಪಾಲಿಸಿ ಮಾಡಿಸುವ ಬಗ್ಗೆ ವಿಚಾರಿಸಬಹುದು. ಅಂಥ ಪಾಲಿಸಿಯ ಹಣ ಹೆಂಡತಿ ಮಕ್ಕಳಿಗೆ ಮೀಸಲು, ಸಾಲಗಾರರು ಅದಕ್ಕೆ ಕೈ ಹಾಕುವಂತಿಲ್ಲ.

ಫಾರ್ಮು ಇಂಗ್ಲಿಷಿನಲ್ಲಿ, ತುಂಬುವವರು ಏಜೆಂಟರು, ಕನ್ನಡದಲ್ಲಿ ಸಹಿ ಹಾಕುವವರು ನಾವು. ಸಹಿಗೆ ಮುಂಚೆ ಪ್ರತಿಯೊಂದು ಪ್ರಶ್ನೆಯನ್ನೂ ಉತ್ತರವನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಆದ ಆಪರೇಷನ್, ಬೀಡಿ, ಎಲೆ ಅಡಿಕೆ ಹೊಗೆಸೊಪ್ಪು, ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾಗಬಹುದು, ಹೆಚ್ಚಾಗಲಿ. ಸುಳ್ಳು ಬರೆದು ಪಡೆದ ಪಾಲಿಸಿಯ ಹಣವನ್ನು ಮೊದಲ 3 ವರ್ಷಗಳೊಳಗೆ ಸಾವು ಬಂದರೆ ಕಂಪನಿ ನಿರಾಕರಿಸಬಹುದು. ಆಗ ಆ ಸುಳ್ಳಿನ ಶಿಕ್ಷೆ ಅನುಭವಿಸುವವರು ಸುಳ್ಳು ಹೇಳದ ಹೆಂಡತಿ ಮಕ್ಕಳು. ಕಂತಿನ ದಿನವನ್ನೂ ಮರೆಯಬೇಡಿ. ವರ್ಷದ, ಆರು ತಿಂಗಳ, ಮೂರು ತಿಂಗಳ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ರಿಯಾಯಿತಿ ಇದೆ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್.

ಕಾಗದಗಳನ್ನು ಎಲ್ಲಿ ಇಡುತ್ತೀರಿ? 2024ರ ಜುಲೈ 30ರ ಮುಂಜಾನೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದಾಗ ಮನೆಗಳೊಂದಿಗೆ ದಾಖಲೆಗಳೂ ಕೊಚ್ಚಿಹೋದವು. ಆಗ ವಿಮಾ ಸಂಸ್ಥೆಗಳು ದಾಖಲೆಗಳನ್ನು ಸಡಿಲಿಸಿ ಬೇಗ ಹಣ ಕೊಡಬೇಕೆಂದು ಸರ್ಕಾರ ಸೂಚಿಸಬೇಕಾಯಿತು. ಪ್ರತಿ ಮನೆಯ ದುರಂತಕ್ಕೂ ಸರ್ಕಾರ ಹಾಗೆ ಸೂಚಿಸುವುದಿಲ್ಲ. ಪಾಲಿಸಿಯ ಜೆರಾಕ್ಸ್ ಒಂದನ್ನು ತವರುಮನೆಯಲ್ಲೋ ಅಣ್ಣತಮ್ಮಂದಿರಲ್ಲೋ ಇಡಿ, ಪಾಲಿಸಿ ನಂಬರನ್ನು ಫೋನಿನಲ್ಲೂ ಇರಿಸಿ.

ಹಣ ಕೊಡದಿದ್ದರೆ?

ಕಂಪನಿ ಕ್ಲೇಮು ತಿರಸ್ಕರಿಸಿದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ. ನೀಲಗಿರಿ, ಹೊಸೂರು, ತಾಳವಾಡಿಯವರಿಗೆ ಚೆನ್ನೈ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ. ಆಂಧ್ರ, ತೆಲಂಗಾಣದವರಿಗೆ ಹೈದರಾಬಾದ್. ಗೋವೆಯವರಿಗೆ ಮುಂಬೈ ಕಚೇರಿ.

ಈ ತಿಂಗಳು ಮಾಡಬೇಕಾದ ಕೆಲಸ

ಓದಿ ಪತ್ರಿಕೆಯನ್ನು ಮಡಚಿಡುವ ಮುನ್ನ ನಾಲ್ಕು ಕೆಲಸ ಮಾಡಿ. ಒಂದು, ಮನೆಯ ಎಲ್ಲ ಪಾಲಿಸಿಗಳನ್ನು ಹೊರತೆಗೆದು ನಾಮಿನಿ ಮತ್ತು ಹೆಸರುಗಳನ್ನು ಪರೀಕ್ಷಿಸಿ. ಎರಡು, ಪಾಸ್‌ಬುಕ್ಕಿನಲ್ಲಿ 436 ಮತ್ತು 20 ರೂಪಾಯಿ ಕಡಿತವಾಗಿದೆಯೇ ನೋಡಿ. ಇತ್ತೀಚೆಗೆ ಯಾರಾದರೂ ತೀರಿಕೊಂಡ ಮನೆಯಿದ್ದರೆ ಅವರ ಪಾಸ್‌ಬುಕ್ಕನ್ನೂ ನೋಡಲು ಹೇಳಿ, ಮನೆಯವರಿಗೇ ಗೊತ್ತಿಲ್ಲದ ಎರಡು ಲಕ್ಷ ಅಲ್ಲಿರಬಹುದು. ಮೂರು, ಮೇಲೆ ಹೇಳಿದ ರೀತಿಯಲ್ಲಿ ನಿಮ್ಮ ಮನೆಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ. ನಾಲ್ಕು, ಇದೆಲ್ಲ ಎಲ್ಲಿದೆ ಎಂದು ಹೆಂಡತಿಗೆ, ಬೆಳೆದ ಮಕ್ಕಳಿಗೆ ತಿಳಿಸಿ. ಗಂಡನ ಪೆಟ್ಟಿಗೆಯಲ್ಲಿ ಏನಿದೆಯೆಂದು ಹೆಂಡತಿಗೆ ತಿಳಿಯದ ಮನೆಯಲ್ಲಿ ಎಷ್ಟು ಲಕ್ಷದ ಪಾಲಿಸಿ ಇದ್ದರೂ ಉಪಯೋಗವಿಲ್ಲ.

ವಾರ್ಡಿನ ಸಭೆಯಲ್ಲಿ ಓದುಬರಹ ತಿಳಿದ ಯುವಕ ಯುವತಿಯರು ಹಿರಿಯರ ಫಾರ್ಮುಗಳನ್ನು ಓದಿ ಹೇಳುವ ಒಂದು ಭಾನುವಾರ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಅರ್ಧ ಗಂಟೆಯ ಆ ಸಹಾಯದಿಂದ ಒಂದು ಮಗುವಿನ ಓದು ಮುಂದುವರಿಯಬಹುದು.